ಒಂಬತ್ತು ಹೆಜ್ಜೆಯ ಕೋಣೆ, 340ರ ಲೆಕ್ಕ

ನಾನು ಸೆರೆಮನೆಯಲ್ಲಿ ಇದ್ದದ್ದು ಎರಡು ವರ್ಷ ನಾಲ್ಕು ತಿಂಗಳು. ಮೊದಲ ಒಂದು ವರ್ಷ ವಿಚಾರಣಾಧೀನ ಕೈದಿಯಾಗಿ, ಉಳಿದದ್ದು ಶಿಕ್ಷೆಯಾದ ಮೇಲೆ. ಪ್ರಕರಣದ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಅದರ ವಿಚಾರಣೆ ನಡೆಯಬೇಕಾದಲ್ಲಿ ನಡೆದು ಮುಗಿದಿದೆ. ಬರೆಯಲು ಕುಳಿತದ್ದಕ್ಕೆ ಕಾರಣ ಬೇರೆ. ಮಗನೋ ತಮ್ಮನೋ ಒಳಗಿರುವವರು ನನ್ನನ್ನು ಹುಡುಕಿಕೊಂಡು ಬಂದು ಕೇಳುವ ಮೊದಲ ಮಾತು ಯಾವಾಗಲೂ ಒಂದೇ: "ಅಲ್ಲಿ ಇಡೀ ದಿನ ಏನು ಮಾಡುತ್ತಾರೆ?"

ಮಾಡುವುದಕ್ಕೆ ಏನೂ ಇಲ್ಲದಿರುವುದೇ ಅಲ್ಲಿನ ಕಷ್ಟ. ಏಳುವ ಹೊತ್ತು, ಎಣಿಕೆಗೆ ನಿಲ್ಲುವ ಹೊತ್ತು, ಊಟದ ಹೊತ್ತು, ಬೀಗ ಬೀಳುವ ಹೊತ್ತು, ಎಲ್ಲವನ್ನೂ ಬೇರೆಯವರು ಗೊತ್ತುಮಾಡಿರುತ್ತಾರೆ. ಇವುಗಳ ನಡುವೆ ಮಿಕ್ಕಿದ್ದು ಉದ್ದಕ್ಕೆ ಬಿದ್ದಿರುತ್ತದೆ. ಹೊಸಬರು ಅದನ್ನು ನಿದ್ದೆಯಿಂದ ತುಂಬಲು ನೋಡುತ್ತಾರೆ. ನಾನೂ ಹಾಗೆಯೇ ಮಾಡಿದೆ. ಹಗಲು ಮಲಗಿದ್ದಕ್ಕೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇಡೀ ರಾತ್ರಿ ಉರಿಯುವ ದೀಪದ ಕೆಳಗೆ ಕಣ್ಣು ಬಿಟ್ಟುಕೊಂಡು, ನಡೆದದ್ದನ್ನೇ ಮತ್ತೆ ಮತ್ತೆ ನಡೆಸಿಕೊಂಡು, ಬೆಳಗಿನ ಎಣಿಕೆಗೆ ಹೆಣದಂತೆ ಎದ್ದು ನಿಲ್ಲುತ್ತಿದ್ದೆ.

ಮೈ ನೆನಪಿಗೆ ಬಂದದ್ದು ಕೋಪದಿಂದ. ಎರಡನೆಯ ವಾರ ಜಾಮೀನು ಅರ್ಜಿ ತಿರಸ್ಕೃತವಾಯಿತು. ಅಂದು ಸಂಜೆ ಕೋಣೆಗೆ ಬಂದವನೇ ಬಸ್ಕಿ ಹೊಡೆಯಲು ಶುರುಮಾಡಿದೆ. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿದ ಕಾಲುಗಳು ನನ್ನವು. ನೂರಕ್ಕೆ ನಿಲ್ಲಿಸಲಿಲ್ಲ, ಇನ್ನೂರಕ್ಕೂ ನಿಲ್ಲಿಸಲಿಲ್ಲ. ಐನೂರು ಆದ ಮೇಲೆ ಗೋಡೆ ಹಿಡಿದುಕೊಂಡು ಕುಳಿತೆ. ಎರಡನೆಯ ದಿನ ತೊಡೆಗಳು ಊದಿಕೊಂಡು ಕಲ್ಲಿನಂತಾದವು. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿತ್ತು. ಒಳಗಿನ ಆಸ್ಪತ್ರೆಯ ವೈದ್ಯರು ಮೂರು ದಿನ ಡ್ರಿಪ್ ಹಾಕಿ ಮಲಗಿಸಿದರು. ಅಭ್ಯಾಸವಿಲ್ಲದ ಸ್ನಾಯುವನ್ನು ಒಮ್ಮೆಲೇ ದಂಡಿಸಿದರೆ ಅದರ ಜೀವಕೋಶಗಳು ಒಡೆದು ಒಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಗಳು ಅದನ್ನು ಸೋಸಲಾರದೆ ಸೋಲುವುದೂ ಉಂಟು ಎಂದು ವಿವರಿಸಿದರು. ಅದಕ್ಕೆ ರಾಬ್ಡೊಮಯೊಲಿಸಿಸ್ ಎಂದು ಹೆಸರು. ಹೊಸದಾಗಿ ಒಳಗೆ ಬಂದವರು ಸಿಟ್ಟನ್ನೆಲ್ಲ ಮೈಮೇಲೆ ತೀರಿಸಿಕೊಳ್ಳುವುದನ್ನು ಆಮೇಲೆ ಎಷ್ಟೋ ಸಲ ಕಂಡಿದ್ದೇನೆ. ಪ್ರತಿ ಸಲವೂ ಹೋಗಿ ತಡೆದಿದ್ದೇನೆ. ಮೂತ್ರದ ಬಣ್ಣ ಹಾಗೆ ತಿರುಗಿದರೆ ಒಂದು ಗಂಟೆಯೂ ಕಾಯದೆ ವೈದ್ಯರನ್ನು ಕೇಳಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಗ್ರಂಥಾಲಯದ ಪುಸ್ತಕವೊಂದರಲ್ಲಿ ನೆಲ್ಸನ್ ಮಂಡೇಲಾ ಅವರ ದಿನಚರಿ ಓದಿದೆ. 27 ವರ್ಷಗಳ ಸೆರೆವಾಸದಲ್ಲಿ 18 ವರ್ಷ ಅವರು ರಾಬೆನ್ ದ್ವೀಪದಲ್ಲಿದ್ದರು. ಪುಟ್ಟ ಕೋಣೆಯಲ್ಲಿ, ಸೋಮವಾರದಿಂದ ಗುರುವಾರದವರೆಗೆ, ಬೆಳಿಗ್ಗೆ ನಿಂತಲ್ಲೇ 45 ನಿಮಿಷದವರೆಗೆ ಓಟ, ಬೆರಳ ತುದಿಯ ಮೇಲೆ 100 ದಂಡ, ಮಲಗಿ ಏಳುವುದು 200, ಮಂಡಿ ಬಗ್ಗಿಸಿ ಏಳುವುದು 50. ಓದಿದವರೆಲ್ಲ ಆ ಸಂಖ್ಯೆಗಳಿಗೆ ಬೆರಗಾಗುತ್ತಾರೆ. ನನ್ನ ಕಣ್ಣು ನಿಂತದ್ದು ಸೋಮವಾರದಿಂದ ಗುರುವಾರ ಎಂಬಲ್ಲಿ. ಅಷ್ಟು ದೀರ್ಘ ಶಿಕ್ಷೆ ಎದುರಿಗಿದ್ದ ಮನುಷ್ಯ ವಾರಕ್ಕೆ ಮೂರು ದಿನ ಮೈಗೆ ಬಿಡುವು ಕೊಟ್ಟಿದ್ದರು. ನಾನೂ ವಾರಕ್ಕೆ ನಾಲ್ಕೇ ದಿನ ಎಂದು ಗೊತ್ತುಮಾಡಿಕೊಂಡೆ. ಅದಕ್ಕೆ ಇನ್ನೊಂದು ಲಾಭವೂ ಇತ್ತು. ಎಲ್ಲ ದಿನಗಳೂ ಒಂದೇ ಬಣ್ಣದ್ದಾಗಿರುವ ಜಾಗದಲ್ಲಿ ಗುರುವಾರಕ್ಕೂ ಶುಕ್ರವಾರಕ್ಕೂ ವ್ಯತ್ಯಾಸ ಹುಟ್ಟಿತು. ಆ ವ್ಯತ್ಯಾಸವನ್ನು ಹುಟ್ಟಿಸಿದವನು ನಾನು.

ಮತ್ತೆ ಶುರುಮಾಡಿದ್ದು ಗೋಡೆಯಿಂದ. ಗೋಡೆಗೆ ಅಂಗೈ ಊರಿ, ಒಂದು ಹೆಜ್ಜೆ ಹಿಂದೆ ನಿಂತು ದಂಡ. ಇಪ್ಪತ್ತು ಸಲೀಸಾಗಿ ಬಂದ ಮೇಲೆ ಸಿಮೆಂಟಿನ ಮಲಗುಕಟ್ಟೆಯ ಅಂಚಿಗೆ ಕೈಯೂರಿ. ಅದೂ ಸಲೀಸಾದ ಮೇಲೆ ನೆಲಕ್ಕೆ. ನೆಲಕ್ಕೆ ಇಳಿಯಲು ನನಗೆ ಏಳು ವಾರ ಹಿಡಿಯಿತು.

ಕಾರ್ಡಿನ ಲೆಕ್ಕವನ್ನು ಹೇಳಿಕೊಟ್ಟವರು ಹಲವು ವರ್ಷ ಒಳಗಿದ್ದ ಒಬ್ಬ ಹಿರಿಯರು. ಬ್ಯಾರಕ್ಕಿನಲ್ಲಿ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಇಸ್ಪೀಟು ಎಲೆಗಳನ್ನು ಕಲಸಿ ಬೋರಲು ಇಡುವುದು. ಒಂದೊಂದಾಗಿ ಎತ್ತುವುದು. ಕೆಂಪು ಎಲೆ ಬಂದರೆ ಅಷ್ಟು ದಂಡ, ಕಪ್ಪು ಬಂದರೆ ಅಷ್ಟು ಬಸ್ಕಿ. ರಾಜ, ರಾಣಿ, ಗುಲಾಮರಿಗೆ ಹತ್ತು. ಎಕ್ಕಕ್ಕೆ ಒಂದು. ಒಂದು ಜಾತಿಯ ಹದಿಮೂರು ಎಲೆ ಸೇರಿದರೆ 85, ನಾಲ್ಕೂ ಜಾತಿ ಸೇರಿ 340. "340 ಎಂದು ಮೊದಲೇ ಹೇಳಿದ್ದರೆ ನೀನು ಶುರುವೇ ಮಾಡುತ್ತಿರಲಿಲ್ಲ. ಒಂದು ಎಲೆ ಎತ್ತು. ಅಷ್ಟೇ ನಿನ್ನ ಕೆಲಸ," ಎಂದಿದ್ದರು ಅವರು. ಮೊದಲ ತಿಂಗಳು ಕಾಲು ಕಟ್ಟು ಮಾತ್ರ ಎತ್ತಿದೆ. ಪೂರ್ತಿ ಕಟ್ಟನ್ನು ಒಂದೇ ಸಲಕ್ಕೆ ಮುಗಿಸಿದ್ದು ಆರನೆಯ ತಿಂಗಳಿನಲ್ಲಿ.

ನಮ್ಮ ಕಟ್ಟಿನಲ್ಲಿ ಕಳಾವರ್ ಏಳು ಕಳೆದುಹೋಗಿತ್ತು. ಸೋಪಿನ ಪೊಟ್ಟಣದ ರಟ್ಟು ಕತ್ತರಿಸಿ ಹೊಸದು ಮಾಡಿದ್ದೆವು. ದಪ್ಪವಾಗಿದ್ದದ್ದರಿಂದ ಬೆರಳಿಗೆ ತಾಗಿದ ಕೂಡಲೇ ಅದು ಏಳು ಎಂದು ಗೊತ್ತಾಗುತ್ತಿತ್ತು. ದಣಿದ ಹೊತ್ತಿನಲ್ಲಿ ಆ ದಪ್ಪ ಎಲೆ ಕೈಗೆ ಸಿಕ್ಕಿದಾಗ ಆಗುತ್ತಿದ್ದ ಸಂತೋಷವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ: ಹತ್ತಲ್ಲ, ಏಳು! ಇಸ್ಪೀಟಿಗೆ ಅನುಮತಿ ಇಲ್ಲದ ಕಡೆ ಕಾಗದದ ಚೀಟಿಗಳ ಮೇಲೆ ಸಂಖ್ಯೆ ಬರೆದುಕೊಂಡರೆ ಸಾಕು. ಅದೂ ಇಲ್ಲದವರಿಗೆ ಇಳಿಯೆಣಿಕೆ ಇದೆ: ಇಪ್ಪತ್ತು ದಂಡ, ಕೋಣೆಯ ಆ ತುದಿಗೆ ಹೋಗಿ ಬರುವುದು, ಹತ್ತೊಂಬತ್ತು, ಮತ್ತೆ ಹೋಗಿ ಬರುವುದು, ಹೀಗೆ ಒಂದರವರೆಗೆ. ಒಟ್ಟು 210 ಆಗುತ್ತದೆ. ಪ್ರತಿ ಸಲವೂ ಹಿಂದಿನದಕ್ಕಿಂತ ಒಂದು ಕಡಿಮೆ ಇರುವುದರಿಂದ ಮನಸ್ಸು ಒಪ್ಪುತ್ತದೆ.

ದಂಡ, ಬಸ್ಕಿ ಎಷ್ಟು ಹೊಡೆದರೂ ಬೆನ್ನು ಹಿಂದೆ ಬೀಳುತ್ತದೆ. ಎದೆ ಬಿಗಿಯಾಗಿ ಭುಜಗಳು ಮುಂದಕ್ಕೆ ಬಾಗುತ್ತವೆ. ಒಳಗೆ ಬಹುಪಾಲು ಜನರ ನಿಲುವು ಹೀಗೆಯೇ ಆಗಿರುತ್ತದೆ. ಎಳೆಯುವ ಕೆಲಸವೂ ಬೇಕು. ಜೋತುಬೀಳಲು ಸರಳು ಇಲ್ಲದಾಗ ನಾನು ಬಳಸಿದ್ದು ಟವೆಲ್. ಒದ್ದೆ ಮಾಡಿ ಹಿಂಡಿದರೆ ಅದು ಹಗ್ಗದಂತಾಗುತ್ತದೆ. ಎರಡು ತುದಿ ಹಿಡಿದು ಎದೆಯ ಮುಂದೆ ಹತ್ತು ಎಣಿಸುವವರೆಗೆ ಬಲವಾಗಿ ಎಳೆದು ಹಿಡಿಯುವುದು, ಬಿಡುವುದು, ಮತ್ತೆ ಎಳೆಯುವುದು. ಬಾಗಿಲ ಸರಳಿಗೆ ಟವೆಲ್ ಸುತ್ತಿ ಹಿಂದಕ್ಕೆ ಒರಗಿ ಮೈಯನ್ನು ಎಳೆದುಕೊಳ್ಳಬಹುದು, ಆದರೆ ವಾರ್ಡರ್‌ಗೆ ಮೊದಲೇ ಹೇಳಿರಬೇಕು. ಕೇಳದೆ ಮಾಡಿದರೆ ಸರಳಿಗೆ ಬಟ್ಟೆ ಕಟ್ಟಿದವನ ಬಗ್ಗೆ ಅವರು ಏನು ಯೋಚಿಸುತ್ತಾರೆ ಎಂಬುದನ್ನು ಊಹಿಸಿಕೊಳ್ಳಿ. ಅವರ ಆ ಭಯ ಸುಳ್ಳಲ್ಲ. ತೂಕಕ್ಕೆ ನೀರು ತುಂಬಿದ ಬಾಟಲಿಗಳು ಸಾಕು. ಎರಡು ಲೀಟರಿನ ಬಾಟಲಿ ಎಂದರೆ ಎರಡು ಕಿಲೋ, ಲೆಕ್ಕ ಸುಲಭ.

ಕಿಕ್ಕಿರಿದ ಬ್ಯಾರಕ್ಕಿನಲ್ಲಿ ವ್ಯಾಯಾಮಕ್ಕಿಂತ ಮೊದಲು ಕಲಿಯಬೇಕಾದದ್ದು ಶುಚಿ. ಬೆವರು ಬಿದ್ದ ನೆಲವನ್ನು ನಾನೇ ಒರೆಸುತ್ತಿದ್ದೆ, ಟವೆಲನ್ನು ಯಾರಿಗೂ ಕೊಡುತ್ತಿರಲಿಲ್ಲ. ಕಜ್ಜಿ ಒಬ್ಬನಿಗೆ ಬಂದರೆ ಕೆಲವು ವಾರಗಳಲ್ಲಿ ಸಾಲಿಗೆ ಸಾಲೇ ಕೆರೆದುಕೊಳ್ಳುತ್ತಿರುತ್ತದೆ.

ಬಯಲಿಗೆ ಬಿಡುವ ಹೊತ್ತನ್ನು ವ್ಯಾಯಾಮಕ್ಕೆ ಕಳೆಯಬೇಡಿ, ಅದು ನಡಿಗೆಗೆ. ದಂಡವನ್ನು ಕೋಣೆಯಲ್ಲೂ ಹೊಡೆಯಬಹುದು, ಬಿಸಿಲು ಕೋಣೆಯಲ್ಲಿ ಸಿಗುವುದಿಲ್ಲ. ವಿಶ್ವಸಂಸ್ಥೆಯ ಮಹಾಸಭೆ 2015ರಲ್ಲಿ ಒಪ್ಪಿದ, ಮಂಡೇಲಾ ಅವರ ಹೆಸರನ್ನೇ ಹೊತ್ತ ನಿಯಮಗಳಿವೆ. ಹೊರಗಿನ ಕೆಲಸವಿಲ್ಲದ ಪ್ರತಿಯೊಬ್ಬ ಕೈದಿಗೂ, ಹವೆ ಅನುಕೂಲವಾಗಿದ್ದರೆ, ದಿನಕ್ಕೆ ಕನಿಷ್ಠ ಒಂದು ಗಂಟೆ ತೆರೆದ ಗಾಳಿಯಲ್ಲಿ ವ್ಯಾಯಾಮಕ್ಕೆ ಅವಕಾಶವಿರಬೇಕು ಎಂದು ಅದರ 23ನೆಯ ನಿಯಮ ಹೇಳುತ್ತದೆ. ಇದನ್ನು ತಿಳಿದಿರುವುದು ಒಳ್ಳೆಯದು. ನಾನು ಜಗಳ ಮಾಡದೆ, ನಿಯಮದ ಸಂಖ್ಯೆ ಬರೆದು ಅರ್ಜಿ ಕೊಟ್ಟೆ. ಅರ್ಧ ಗಂಟೆಯಷ್ಟೇ ಸಿಗುತ್ತಿದ್ದ ನಮ್ಮ ಬ್ಯಾರಕ್ಕಿಗೆ ಒಂದು ಗಂಟೆ ಸಿಕ್ಕಿತು.

ಅಂಗಳದ ಒಂದು ಸುತ್ತು 140 ಹೆಜ್ಜೆ. ಎಡಜೇಬಿನಲ್ಲಿ ಹತ್ತು ಹರಳು ಇಟ್ಟುಕೊಂಡು ಸುತ್ತಿಗೊಂದರಂತೆ ಬಲಜೇಬಿಗೆ ಹಾಕುತ್ತಿದ್ದೆ. ಹತ್ತೂ ದಾಟಿದ ಮೇಲೆ ದಿಕ್ಕು ಬದಲಿಸುವುದು. ಒಂದೇ ಕಡೆಗೆ ತಿರುಗುತ್ತಿದ್ದರೆ ಒಳಬದಿಯ ಮಂಡಿ ನೋಯಲು ಶುರುವಾಗುತ್ತದೆ. ಇದು ನನಗೆ ನೋವು ಬಂದ ಮೇಲೆ ತಿಳಿದದ್ದು. ಐವತ್ತು ಸುತ್ತು ಎಂದರೆ 7,000 ಹೆಜ್ಜೆ. ಒಂದು ವರ್ಷದ ಕೊನೆಗೆ ಆ ಹರಳುಗಳು ನುಣುಪಾಗಿದ್ದವು.

ಇನ್ನು ಹೊತ್ತಿನ ಮಾತು. ಮೈ ದಣಿದರೆ ರಾತ್ರಿ ದಾಟುತ್ತದೆ. ಮಧ್ಯಾಹ್ನ ದಾಟಲು ಬೇರೆಯದೇ ಬೇಕು. ಚದುರಂಗ ಆಡಿದೆವು, ಸೋಪಿನಲ್ಲಿ ಕಾಯಿ ಕೆತ್ತಿ, ಎರಡು ಪಡೆಗೆ ಎರಡು ಬಣ್ಣದ ಸೋಪು. ಕ್ಷಯದ ಶಂಕೆಯಿಂದ ಹನ್ನೊಂದು ದಿನ ನನ್ನನ್ನು ಬೇರೆ ಕೋಣೆಯಲ್ಲಿ ಇಟ್ಟಾಗ ಕಾಯಿಯೂ ಇರಲಿಲ್ಲ, ಎದುರಾಳಿಯೂ ಇರಲಿಲ್ಲ. ಸೋವಿಯತ್ ಸೆರೆಯಲ್ಲಿದ್ದ ನಾಟಾನ್ ಶರಾನ್ಸ್ಕಿ ದಂಡನೆಯ ಕೋಣೆಯಲ್ಲಿ ತಲೆಯೊಳಗೇ ಚದುರಂಗ ಆಡಿಕೊಂಡು ಮನಸ್ಸು ಉಳಿಸಿಕೊಂಡರೆಂದು ಯಜಮಾನರು ಹೇಳುತ್ತಿದ್ದರು. ನನಗೆ ಎಂಟು ನಡೆಗಳಾಚೆ ಕಾಯಿಗಳು ಕಲಸಿಹೋಗುತ್ತಿದ್ದವು. ಹನ್ನೊಂದನೆಯ ದಿನ ಹದಿನೈದು ನಡೆಯವರೆಗೆ ಹಿಡಿದಿಟ್ಟೆ. ಆ ಕೋಣೆಯ ಉದ್ದವೇ ಒಂಬತ್ತು ಹೆಜ್ಜೆ. ನಡೆಯುತ್ತ ಒಂದು ಕೊನೆ ಮುಟ್ಟಿದಾಗ ಬಿಳಿಯ ನಡೆ, ಇನ್ನೊಂದು ಕೊನೆಯಲ್ಲಿ ಕಪ್ಪಿನ ನಡೆ.

ಆದರೆ ನನ್ನ ಹೊತ್ತನ್ನು ನಿಜವಾಗಿ ಹಿಡಿದೆತ್ತಿದ್ದು ಒಬ್ಬ ಹುಡುಗ. ಇಪ್ಪತ್ತೆರಡು ವರ್ಷ, ಮೂಟೆ ಹೊತ್ತು ಬೆಳೆದ ಮೈ, ಅಕ್ಷರ ಬರುತ್ತಿರಲಿಲ್ಲ. ನನ್ನ ಬಸ್ಕಿ ನೋಡಿ ಒಂದು ದಿನ ಹತ್ತಿರ ಬಂದು, "ಅಣ್ಣಾ, ಹಿಮ್ಮಡಿ ನೆಲ ಬಿಡಬಾರದು. ಹಿಂದೆ ಮಣೆ ಇದೆ ಎಂದುಕೊಂಡು ಕುಳಿತುಕೊಳ್ಳಿ," ಎಂದ. ಹಾಗೆ ಮಾಡಿದ ಮೇಲೆ ಮಂಡಿಯ ಕಟಕಟ ಸದ್ದು ನಿಂತಿತು. ಬದಲಿಗೆ ನಾನು ಅವನಿಗೆ ಅಕ್ಷರ ಕಲಿಸಿದೆ. ಹಲಗೆ ಇರಲಿಲ್ಲ. ಲೋಟದ ನೀರಿನಲ್ಲಿ ಬೆರಳು ಅದ್ದಿ ಸಿಮೆಂಟಿನ ನೆಲದ ಮೇಲೆ ಬರೆಯುವುದು; ಅದು ಆರಿಹೋಗುವುದರೊಳಗೆ ಅವನು ಪಕ್ಕದಲ್ಲಿ ಅದನ್ನೇ ಬರೆಯಬೇಕು. ಬಿಸಿಲಿನ ದಿನಗಳಲ್ಲಿ ಅಕ್ಷರ ಬೇಗ ಆರುತ್ತಿತ್ತು, ಹುಡುಗನ ಕೈಯೂ ಬೇಗ ಓಡುತ್ತಿತ್ತು. ಮಳೆಗಾಲದಲ್ಲಿ ನೆಲವೆಲ್ಲ ಅಕ್ಷರ ತುಂಬಿ, ಆರುವವರೆಗೆ ಕಾಯುತ್ತ ಕುಳಿತಿರುತ್ತಿದ್ದೆವು. ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಇನ್ನೂ ಮೂವರು ಸೇರಿಕೊಂಡಿದ್ದರು.

ಅಲ್ಲಿಂದ ಮಧ್ಯಾಹ್ನಗಳ ಚಿಂತೆ ಹೋಯಿತು. ಕಲಿಯುವವರು ಬಂದರು, ಕಾಗದ ಬರೆಸಿಕೊಳ್ಳುವವರು ಬಂದರು. ಬೇರೆಯವರ ಹೆಂಡತಿಗೆ, ತಾಯಿಗೆ ಕಾಗದ ಬರೆಯುವಾಗ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೆ: ಅವರು ಹೇಳಿದ ಮಾತನ್ನು ಚೆಂದ ಮಾಡಬಾರದು. "ಎಮ್ಮೆ ಕರು ಹಾಕಿತೇ" ಎಂದರೆ ಅಷ್ಟೇ ಬರೆಯಬೇಕು. ಓದುವವರು ಆ ದನಿಯನ್ನೇ ಹುಡುಕುತ್ತಿರುತ್ತಾರೆ.

ಯಾವುದೂ ಕೆಲಸಕ್ಕೆ ಬಾರದ ದಿನಗಳೂ ಇದ್ದವು. ವಿಚಾರಣೆ ಮುಂದೂಡಿದ ದಿನ, ಮನೆಯವರು ಬರುತ್ತೇವೆಂದು ಹೇಳಿ ಬಾರದ ದಿನ. ಅಂಥ ದಿನ ಒಂದೇ ಒಂದು ಎಲೆ ಎತ್ತಿ, ಅದರ ಲೆಕ್ಕ ಮುಗಿಸಿ, ಕಟ್ಟನ್ನು ಮಡಚಿಡುತ್ತಿದ್ದೆ. ಒಮ್ಮೆ ಎಕ್ಕ ಬಂತು. ಒಂದು ಬಸ್ಕಿ ಹೊಡೆದು ಮಲಗಿದೆ. ಗೋಡೆಯ ಮೇಲೆ ದಿನ ಎಣಿಸುವ ಗೆರೆ ಎಳೆಯುವುದನ್ನು ಮಾತ್ರ ಮೂರನೆಯ ತಿಂಗಳಲ್ಲೇ ನಿಲ್ಲಿಸಿದ್ದೆ. ದಿನಗಳನ್ನು ಎಣಿಸಿದಷ್ಟೂ ಅವು ಉದ್ದವಾಗುತ್ತಿದ್ದವು. ಹೊಡೆದ ದಂಡಗಳನ್ನು, ನಡೆದ ಸುತ್ತುಗಳನ್ನು ಎಣಿಸಿದರೆ ಹಾಗಾಗುತ್ತಿರಲಿಲ್ಲ.

ಹೊರಗಿರುವವರು ಏನು ಕಳಿಸಬೇಕು ಎಂದು ಕೇಳುತ್ತಾರೆ. ನಿಯಮ ಒಪ್ಪಿದರೆ ಒಂದು ನಿಘಂಟು, ಗೆರೆ ಎಳೆದ ನೋಟುಪುಸ್ತಕ, ದಪ್ಪ ಟವೆಲ್. ಕಾಗದ ಬರೆಯಿರಿ. ತಪಾಸಣೆ ಮುಗಿದು ಕೈಸೇರುವಾಗ ಅವು ಹಿಂದುಮುಂದಾಗುತ್ತವೆ, ಆದ್ದರಿಂದ ಮೂಲೆಯಲ್ಲಿ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕಿ. ಆಗ ನಾಲ್ಕನೆಯದು ಮೊದಲು ಬಂದರೂ, ಮೂರನೆಯದು ದಾರಿಯಲ್ಲಿದೆ ಎಂದು ಅವನಿಗೆ ಗೊತ್ತಿರುತ್ತದೆ. "ಧೈರ್ಯವಾಗಿರು" ಎಂದಷ್ಟೇ ಬರೆದು ಮುಗಿಸಬೇಡಿ. ಇವತ್ತು ಎಷ್ಟು ಸುತ್ತು ನಡೆದೆ, ಯಾರ ಜೊತೆ ಆಡಿದೆ, ಯಾವ ಪುಟ ಓದುತ್ತಿದ್ದೀಯ ಎಂದು ಕೇಳಿ. ಉತ್ತರ ಬರೆಯಬೇಕಲ್ಲ ಎಂದಾದರೂ ಅವನು ಎದ್ದು ನಡೆಯುತ್ತಾನೆ.