ಒಳಗೆ ಅರಸೀಕೆರೆ, ಹೊರಗೆ ಇಂಗ್ಲಿಷ್: ಮೈಕ್ ಬಿಟ್ಟು ಕ್ಯಾಮೆರಾ ಮುಂದೆ ಬಂದ ನನ್ನ ಅನುಭವ

ಹೋದ ವರ್ಷ ಒಂದು ಟಿವಿ ಸೀರೀಸ್‌ನಲ್ಲಿ ಏಳು ಎಪಿಸೋಡಿನ ಪಾತ್ರ ಸಿಕ್ಕಿತು. ಹೆಸರು ಹೇಳುವ ಹಾಗಿಲ್ಲ, ಸಹಿ ಹಾಕಿ ಕೊಟ್ಟಿದ್ದೇನೆ. ಟ್ಯಾಕ್ಸಿ ಓಡಿಸುವವನಲ್ಲ, ಮೂಲೆ ಅಂಗಡಿಯವನೂ ಅಲ್ಲ. ಹೆಂಡತಿ ಬಿಟ್ಟುಹೋದ, ಸದಾ ಸಿಡುಕುವ ಒಬ್ಬ ಫಾರ್ಮಸಿಸ್ಟ್. ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡದಲ್ಲಿ ಬರೆದುಕೊಳ್ಳುವ ನನ್ನ ತಯಾರಿ ನೋಡಿ ಐದಾರು ವರ್ಷ ನಕ್ಕವರೇ ಈಗ ಫೋನ್ ಮಾಡಿ, "ಅದೇನೋ ಕನ್ನಡದಲ್ಲಿ ಬರ್ಕೋತೀಯಂತಲ್ಲ, ಹೇಗದು?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಹೇಳುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

2015ರಲ್ಲಿ ಕೆನಡಾದ ಟೊರೊಂಟೊಗೆ ಬಂದೆ. ಹಗಲು ಪಕ್ಕದ ಮಿಸ್ಸಿಸಾಗಾದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ರಾತ್ರಿ ಓಪನ್ ಮೈಕ್, ಅಂದರೆ ಯಾರು ಬೇಕಾದರೂ ಹತ್ತಿ ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುವ ವೇದಿಕೆ. ಒಂದು ಅದೃಷ್ಟ ಅಂದರೆ ಇಲ್ಲಿ ಪಿಆರ್ (ಖಾಯಂ ವಾಸದ ಪರವಾನಗಿ) ಇದ್ದರೆ ಯಾವ ಕೆಲಸ ಬೇಕಾದರೂ ಮಾಡಬಹುದು. ಅಮೆರಿಕದಲ್ಲಿ ಎಚ್-1ಬಿ ಮೇಲಿರುವ ನನ್ನ ಇಬ್ಬರು ಗೆಳೆಯರು ನನಗಿಂತ ಚೆನ್ನಾಗಿ ನಗಿಸುತ್ತಾರೆ. ಆದರೆ ವೀಸಾ ಕೊಡಿಸಿದ ಕಂಪನಿ ಬಿಟ್ಟು ಬೇರೆ ಕಡೆ ದುಡ್ಡು ಮುಟ್ಟುವ ಹಾಗಿಲ್ಲ. ಪಾಪ, ಇನ್ನೂ ಬಿಟ್ಟಿ ಮೈಕ್‌ನಲ್ಲೇ ಇದ್ದಾರೆ.

ಮೈಕ್ ಹಿಡಿದವರಿಗೆ ಬಾಂಬ್ ಆಗುವ, ಅಂದರೆ ಯಾರೂ ನಗದೆ ಸೋಲುವ ಕಥೆ ಹೊಸದೇನಲ್ಲ. ಹಾಲಿವುಡ್‌ನ ಜಿಮ್ ಕ್ಯಾರಿಯೇ ಹದಿನೈದನೇ ವಯಸ್ಸಲ್ಲಿ ಇದೇ ಊರಿನ ಯಕ್ ಯಕ್ಸ್ ಕ್ಲಬ್‌ನಲ್ಲಿ ಮೊದಲ ಸಲ ನಿಂತಾಗ ಜನ ನಗಲಿಲ್ಲ. ನನ್ನ ಮೊದಲ ತಪ್ಪು ಬೇರೆ ತರದ್ದು. ನಾನು ನಗೆ ಕಲಿತದ್ದು ಹಾಸ್ಯ ಸಂಜೆಗಳಲ್ಲಿ. ಪ್ರಾಣೇಶ್ ಅವರು ಒಂದು ಮದುವೆ ಮನೆ ಕಟ್ಟಿ ನಿಲ್ಲಿಸೋಕೆ ಮೂರು ನಿಮಿಷ ತಗೊಂಡರೂ ಜನ ಕಾಯುತ್ತಾರೆ. ಇಲ್ಲಿ ಕೊಡುವುದೇ ಐದು ನಿಮಿಷ. ಇಪ್ಪತ್ತು ಸೆಕೆಂಡಿನಲ್ಲಿ ಮೊದಲ ನಗು ಬರಲಿಲ್ಲ ಅಂದರೆ ಜನ ಫೋನ್ ತೆಗೆಯುತ್ತಾರೆ. ನಾನು ಮದುವೆ ಮನೆಗೆ ಚಪ್ಪರ ಹಾಕುವಷ್ಟರಲ್ಲಿ ಸಮಯ ಮುಗಿಯಿತು ಅನ್ನುವ ಕೆಂಪು ಲೈಟ್ ಹಿಂದಿನಿಂದ ಬಿದ್ದಿರುತ್ತಿತ್ತು.

ಆಮೇಲೆ ಆ್ಯಕ್ಸೆಂಟ್, ಅಂದರೆ ದೇಸಿ ಇಂಗ್ಲಿಷ್ ಉಚ್ಚಾರ ಹಿಡಿದೆ. ಭಾರತೀಯ ಮೂಲದ ಸ್ಟ್ಯಾಂಡ್‌ಅಪ್ ಹಾಸ್ಯಗಾರ ರಸೆಲ್ ಪೀಟರ್ಸ್ ಬೆಳೆದ ಬ್ರಾಂಪ್ಟನ್ ಇಲ್ಲೇ ಪಕ್ಕದಲ್ಲಿ. 2004ರ ಅವನ ಟಿವಿ ಶೋ ನೋಡದ ದೇಸಿ ಈ ಭಾಗದಲ್ಲಿ ಇಲ್ಲ. ಅವನು ಅಪ್ಪನ ದನಿ ಮಾಡಿದ, ನಾನೂ ಮಾಡಿದೆ. ನಗು ಬಂತು, ಸುಳ್ಳು ಹೇಳಬಾರದು. ಬಾರುಗಳಲ್ಲಿ ನಲವತ್ತು ಡಾಲರ್, ಜೊತೆಗೆ ಒಂದು ಪ್ಲೇಟ್ ಫ್ರೈಸ್. ಹಾಗೇ ಒಬ್ಬ ಏಜೆಂಟೂ ಸಿಕ್ಕ. ಅವನು ಎರಡು ವರ್ಷದಲ್ಲಿ ಸುಮಾರು ಮೂವತ್ತು ಆಡಿಷನ್ ಕಳಿಸಿದ. ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಟ್ಯಾಕ್ಸಿ ಡ್ರೈವರ್. ನನಗೆ ಆಗ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ. ಸಿಕ್ಕಿದ್ದು ಎರಡು, ಒಂದರಲ್ಲಿ ಮೂರು ಸಾಲು, ಇನ್ನೊಂದರಲ್ಲಿ ಬರೀ ಬೆನ್ನು.

ಮೂರು ಸಾಲಿನ ಆ ದಿನ ಆದ ಮರ್ಯಾದೆ ಹೇಳಲೇಬೇಕು. ನನ್ನ ಎರಡನೇ ಸಾಲು ತಮಾಷೆಯದ್ದು. ಹೇಳಿದೆ, ಸುಮ್ಮನೆ ನಿಂತೆ. ಕಟ್. ಮತ್ತೆ ಹೇಳಿದೆ, ಮತ್ತೆ ನಿಂತೆ. ಡೈರೆಕ್ಟರ್ ಹತ್ತಿರ ಬಂದು, "ಏನಕ್ಕೆ ಕಾಯ್ತಿದೀಯ?" ಅಂತ ಕೇಳಿದರು. ನಗುವಿಗೆ! ಮೈಕ್‌ನ ಚಟ. ಸೆಟ್‌ನಲ್ಲಿ ನಲವತ್ತು ಜನ ಇದ್ದರೂ ಉಸಿರು ಬಿಡುವಂತಿಲ್ಲ. ನಗು ಬಂದರೆ ಸೌಂಡ್‌ನವರು ಬೈತಾರೆ. ಅದರ ಮೇಲೆ, ಮೊದಲ ಟೇಕ್‌ನಲ್ಲಿ ಚಿಲ್ಲರೆಯನ್ನು ಎಡಗೈಲಿ ಕೊಟ್ಟವನು ಮೂರನೆಯದರಲ್ಲಿ ಬಲಗೈಲಿ ಕೊಟ್ಟೆ. ಕಂಟಿನ್ಯೂಟಿ ನೋಡುವ ಹುಡುಗಿ ಒಂದು ನಿಟ್ಟುಸಿರು ಬಿಟ್ಟಳು ನೋಡಿ, ಮೈಕ್‌ನಲ್ಲಿ ಬಾಂಬ್ ಆದ ಯಾವ ದಿನವೂ ಅಷ್ಟು ನೋಯಿಸಿರಲಿಲ್ಲ.

ಆ್ಯಕ್ಟಿಂಗ್ ಕ್ಲಾಸ್‌ಗೆ ಸೇರಿದೆ. ಎಂಟು ವಾರ, ಸುಮಾರು ನಾನೂರೈವತ್ತು ಡಾಲರ್. ಅಲ್ಲಿ ಹೇಳಿದ್ದು ಆ್ಯಕ್ಸೆಂಟ್ ತೊಳೆದುಕೊಂಡು ಬಾ ಅಂತ. ತೊಳೆದೆ. ಆಡಿಷನ್‌ಗೆ ನಾನೇ ಶೂಟ್ ಮಾಡಿ ಕಳಿಸುವ ಟೇಪ್ ನಾನೇ ನೋಡಿದರೆ ಯಾರೋ ಬ್ಯಾಂಕಿನ ರೆಕಾರ್ಡೆಡ್ ಧ್ವನಿ ಮಾತಾಡಿದ ಹಾಗಿತ್ತು.

ದಾರಿ ಸಿಕ್ಕಿದ್ದು ಫೋನಿನಲ್ಲಿ. ಒಂದು ಸಲ ಎದುರಿನ ಪಾತ್ರದ ಸಾಲು ಓದಿಕೊಡುವ ರೀಡರ್ ಸಿಗದೆ ಒಬ್ಬನೇ ಟೇಪ್ ಮಾಡುತ್ತಿದ್ದೆ. ಕ್ಯಾಮೆರಾ ಓಡುತ್ತಿತ್ತು, ಮಧ್ಯೆ ಅಮ್ಮನ ಕರೆ ಬಂತು. ಎತ್ತಿ ಎರಡು ನಿಮಿಷ ಮಾತಾಡಿದೆ. ಆಮೇಲೆ ಅಳಿಸುವ ಮುಂಚೆ ನೋಡಿದರೆ, ಇಡೀ ಟೇಪ್‌ನಲ್ಲಿ ಮನುಷ್ಯನ ಹಾಗೆ ಕಂಡಿದ್ದು ಆ ಎರಡು ನಿಮಿಷ ಮಾತ್ರ. ಕಣ್ಣು ಓಡಾಡುತ್ತಿತ್ತು, ಹುಬ್ಬು ಕೆಲಸ ಮಾಡುತ್ತಿತ್ತು. ಅಮ್ಮ ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದೆ, ಅಷ್ಟೇ.

ಅವತ್ತಿನಿಂದ ಸೈಡ್ಸ್, ಅಂದರೆ ಆಡಿಷನ್‌ಗೆ ಕೊಡುವ ದೃಶ್ಯದ ಹಾಳೆಗಳು ಬಂದ ತಕ್ಷಣ ಪ್ರಿಂಟ್ ತೆಗೆದು, ಪ್ರತಿ ಇಂಗ್ಲಿಷ್ ಸಾಲಿನ ಕೆಳಗೆ ಆ ಮನುಷ್ಯ ಒಳಗೆ ಏನು ಅಂದುಕೊಳ್ಳುತ್ತಾನೆ ಅಂತ ಕನ್ನಡದಲ್ಲಿ ಬರೆಯುತ್ತೇನೆ. ಅನುವಾದ ಅಲ್ಲ, ಇಲ್ಲೇ ಎಲ್ಲರೂ ಎಡವುವುದು. ಫಾರ್ಮಸಿಸ್ಟ್ ಪಾತ್ರಕ್ಕೆ ನಾನು ಹಿಡಿದದ್ದು ಅರಸೀಕೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದ ದೊಡ್ಡಪ್ಪನನ್ನು. ಹಾಳೆಯ ಮೇಲಿದ್ದ ಸಾಲು ಇಪ್ಪತ್ತು ನಿಮಿಷ ಆಗುತ್ತೆ ಅನ್ನುವುದು. ಕೆಳಗೆ ನಾನು ಬರೆದದ್ದು, "ಚೀಟಿ ತರದೆ ಬಂದು ಅವಸರ ಬೇರೆ ಇವಂಗೆ." ಇಂಗ್ಲಿಷ್ ಸಾಲನ್ನು ನನ್ನದೇ ದನಿಯಲ್ಲಿ ಹೇಳುತ್ತೇನೆ, ತೊಳೆಯುವುದೂ ಇಲ್ಲ, ಬಣ್ಣ ಹಚ್ಚುವುದೂ ಇಲ್ಲ. ಕನ್ನಡದ ಸಾಲು ಕಣ್ಣಲ್ಲಿ ಹೋಗುತ್ತದೆ. ಕನ್ನಡಕದ ಮೇಲಿನಿಂದ ನೋಡುವ ಆ ನೋಟ ದೊಡ್ಡಪ್ಪನದೇ. ಅವರಿಗೆ ರಾಯಲ್ಟಿ ಕೊಡಬೇಕು.

ಇದನ್ನು ಕೇಳಿದ ಕ್ಲಾಸಿನವರು ಎರಡು ಭಾಷೆಯಲ್ಲಿ ಯೋಚಿಸಿದರೆ ಲಯ ಹೋಗುತ್ತೆ ಅಂದರು. ಕಾಮಿಕ್ ಗೆಳೆಯರು ನಗಿಸುವ ಲೈನ್ ಬಿಟ್ಟು ಕಣ್ಣಲ್ಲಿ ನೋಡೋದು ಯಾಕೆ ಅಂದರು. ನಾನು ಹಾಗೇ ಮುಂದುವರಿಸಿದೆ. ಮೊದಲ ಹದಿನಾಲ್ಕೋ ಹದಿನೈದೋ ಟೇಪ್‌ಗೆ ಏನೂ ಉತ್ತರ ಬರಲಿಲ್ಲ. ಆಮೇಲೆ ಕಾಲ್‌ಬ್ಯಾಕ್, ಅಂದರೆ ಮುಂದಿನ ಸುತ್ತಿಗೆ ಕರೆ ಶುರುವಾಯಿತು. ಮೊದಲು ಇಪ್ಪತ್ತಕ್ಕೆ ಒಂದು ಬರುತ್ತಿದ್ದದ್ದು ಈಗ ಐದಾರಕ್ಕೆ ಒಂದು.

ಜೊತೆಗೆ ಜಿಮ್ಮಿ ಯಾಂಗ್ ದಾರಿಯನ್ನೂ ಗಮನಿಸಿದೆ. ಹಾಂಗ್‌ಕಾಂಗ್‌ನಿಂದ ಹದಿಮೂರನೇ ವಯಸ್ಸಲ್ಲಿ ಅಮೆರಿಕಕ್ಕೆ ಬಂದವನು, ಎಕನಾಮಿಕ್ಸ್ ಓದಿ ಸ್ಟ್ಯಾಂಡ್‌ಅಪ್ ಹಿಡಿದವನು. 2014ರಲ್ಲಿ ಶುರುವಾದ ಟಿವಿ ಸೀರೀಸ್ 'ಸಿಲಿಕಾನ್ ವ್ಯಾಲಿ'ಯಲ್ಲಿ ಮೊದಲು ಚಿಕ್ಕ ಪಾತ್ರ, ಆಮೇಲೆ ಖಾಯಂ. ಕರಾಚಿಯಿಂದ ಬಂದ ಕುಮೈಲ್ ನಂಜಿಯಾನಿ ಕೂಡ ಅದರಲ್ಲೇ ಇದ್ದ. ಯಾಂಗ್ ಪಾತ್ರಕ್ಕೆ ದಪ್ಪ ಆ್ಯಕ್ಸೆಂಟ್ ಇದೆ, ಆದರೆ ನಗು ಬರುವುದು ಅವನ ಹಟದಿಂದ. ಸೌಂಡ್ ಆಫ್ ಮಾಡಿ ನೋಡಿ, ಆಗಲೂ ನಗು ಬರುತ್ತೆ. ನನ್ನ ಟೇಪನ್ನೂ ಈಗ ಹಾಗೇ ಪರೀಕ್ಷೆ ಮಾಡುತ್ತೇನೆ.

ಅಡ್ಡ ಪ್ರಯೋಗಗಳೂ ಆದವು. ಒಂದು ರಾಜ್ಯೋತ್ಸವದಲ್ಲಿ ನನ್ನ ಇಂಗ್ಲಿಷ್ ಹಾಸ್ಯವನ್ನೇ ಕನ್ನಡದಲ್ಲಿ ಮಾಡಿದೆ. ಬಿಸಿಬೇಳೆಬಾತ್ ಬಡಿಸುವ ಹೊತ್ತು. ಮೈಕ್‌ಗಿಂತ ಬೂಂದಿಗೇ ಜಾಸ್ತಿ ಗಮನ. ಆದರೂ ನಗು ಎಲ್ಲೆಲ್ಲಿ ಬಂತು ಅಂತ ರೆಕಾರ್ಡ್ ಕೇಳಿ ಗುರುತು ಹಾಕಿದೆ. ಇಂಗ್ಲಿಷ್‌ನಲ್ಲಿ ನಗು ಬಂದ ಜಾಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ! ಟೊರೊಂಟೊ ಫ್ರಿಂಜ್ ನಾಟಕೋತ್ಸವಕ್ಕೂ ಅರ್ಜಿ ಹಾಕಿದೆ. ಅಲ್ಲಿ ಲಾಟರಿ ಎತ್ತುತ್ತಾರೆ. ಮೂರು ವರ್ಷ ಹಾಕಿದೆ, ಮೂರು ವರ್ಷವೂ ಇಲ್ಲ. ಅರ್ಜಿ ಫೀ ಹೋಯಿತು.

ದುಡ್ಡಿನ ವಿಷಯ. ಆಡಿಷನ್‌ಗೆ ಕೊಡುವ ಮುಖದ ಫೋಟೋ, ಹೆಡ್‌ಶಾಟ್‌ಗೆ ಮುನ್ನೂರೈವತ್ತು ಡಾಲರ್, ಎರಡು ಸಲ, ಯಾಕೆಂದರೆ ಮಧ್ಯೆ ಗಡ್ಡ ಬಿಟ್ಟೆ. ಲೈಟು, ಮೈಕು, ಬೂದು ಪರದೆ ಸೇರಿ ಮುನ್ನೂರು. ಆಕ್ಟ್ರಾ ಅನ್ನುವ ನಟರ ಯೂನಿಯನ್ ಸದಸ್ಯನಾಗುವವರೆಗೆ ಶೂಟಿಂಗ್‌ಗೆ ಪರ್ಮಿಟ್ ಹಣ ಬೇರೆ. ಏಜೆಂಟ್‌ಗೆ ಸಿಕ್ಕಿದ್ದರಲ್ಲಿ ಪಾಲು. ಮೊದಲ ಆರು ವರ್ಷ ಕೈಯಿಂದ ಹಾಕಿದ್ದು ಹತ್ತು ಸಾವಿರದ ಹತ್ತಿರ, ಬಂದದ್ದು ಅದರ ಅರ್ಧ ಇರಬಹುದು. ಈ ಏಳು ಎಪಿಸೋಡಿನಲ್ಲಿ ಬಾಕಿಯೆಲ್ಲ ತೀರಿ ಒಂದು ಹಳೇ ಕಾರು ಬಂತು. ಲೈಸೆನ್ಸೂ ಮಾಡಿಸಿದೆ. ಟೆಸ್ಟಿಂಗ್ ಕೆಲಸ ಬಿಟ್ಟಿಲ್ಲ, ವಾರಕ್ಕೆ ಮೂರು ದಿನ ಮಾಡಿಕೊಂಡಿದ್ದೇನೆ.

ಕನ್ನಡದ ಸಾಲನ್ನು ಯಾವ ಹೊತ್ತಿಗೆ ಮರೆಯಬೇಕು ಅನ್ನುವುದು ನಿಜವಾದ ಗುಟ್ಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಸ್ಲೇಟ್ ಹೇಳುವಾಗ, ಅಂದರೆ ಟೇಪ್‌ನಲ್ಲಿ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವಾಗ, ನಾನು ಮಾಡುವ ಇನ್ನೊಂದು ಚಿಕ್ಕ ಕೆಲಸವೂ ನನ್ನ ಹತ್ತಿರವೇ ಇರಲಿ.

ನಾಳೆ ಮಧ್ಯಾಹ್ನದೊಳಗೆ ಒಂದು ಟೇಪ್ ಕಳಿಸಬೇಕು, ದಂತವೈದ್ಯನ ಪಾತ್ರ. ಹೆಂಡತಿ ರೀಡರ್ ಆಗಿ ಅರ್ಧ ಗಂಟೆಯಿಂದ ಕೂತಿದ್ದಾಳೆ. ಪಕ್ಕದ ಮನೆಯವರು ಹಿಮ ಎತ್ತುವ ಮಷೀನ್ ಶುರು ಮಾಡಿದ್ದಾರೆ, ಅದು ನಿಲ್ಲುವ ತನಕ ಇಷ್ಟು ಬರೆದೆ. ಈಗ ನಿಂತಿತು.