ಹೊಸ ಟ್ರ್ಯಾಕ್ಟರಿಗೆ ಕಬ್ಬಿನ ಟ್ರೇಲರ್ ಕಟ್ಟುವ ಮುಂಚೆ

ಮುಧೋಳ, ಜಮಖಂಡಿ, ಮಹಾಲಿಂಗಪುರ ಕಡೆ ಹೊಸ ಟ್ರ್ಯಾಕ್ಟರ್ ಮನೆಗೆ ಬರುವುದು ಹೆಚ್ಚಾಗಿ ದಸರಾಕ್ಕೆ, ಇಲ್ಲವೇ ದೀಪಾವಳಿ ಪಾಡ್ಯಕ್ಕೆ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹಾಗಾಗಿ ಪೂಜೆಗೆ ಕಟ್ಟಿದ ಚೆಂಡುಹೂವು ಬಾಡುವ ಮೊದಲೇ ಹಿಂದೆ ಎರಡು ಟ್ರೇಲರ್ ಕಟ್ಟಿ, ಹದಿನೈದು-ಇಪ್ಪತ್ತು ಟನ್ ಹೇರಿ ರಸ್ತೆಗೆ ಬಿಡುವವರಿದ್ದಾರೆ. ಕಂತು ಕಟ್ಟಬೇಕಲ್ವಾ, ಅವಸರ ಇದ್ದದ್ದೇ. ಆದರೆ ಗಾಡಿ ಮುಂದೆ ಆಯಿಲ್ ಕುಡಿಯುತ್ತದೋ ಇಲ್ಲವೋ, ಹಿಂದಿನ ಗೇರುಗಳು ಎಷ್ಟು ವರ್ಷ ಬಾಳುತ್ತವೆ ಎನ್ನುವುದಕ್ಕೆಲ್ಲ ಮೊದಲ 50 ಗಂಟೆಯ ದುಡಿಮೆಯಲ್ಲೇ ಅಡಿಪಾಯ ಬೀಳುತ್ತದೆ.

ಕೈಲಾದರೆ ಹಬ್ಬಕ್ಕೆ ಕಾಯಬೇಡಿ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಗಾಡಿ ಬಂದರೆ ಹಿಂಗಾರಿ ಜೋಳ, ಕಡಲೆಗೆ ಹೊಲ ಹದ ಮಾಡುವ ಕೆಲಸ ಎದುರಿಗೇ ಇರುತ್ತದೆ. ಹೊಸ ಇಂಜಿನ್ ಪಳಗಿಸಲು ಅದಕ್ಕಿಂತ ಒಳ್ಳೆ ಕೆಲಸ ಇಲ್ಲ.

ಒಳಗೆ ಏನಾಗುತ್ತದೆ?

ಹೊಸ ಇಂಜಿನ್ನಿನ ಲೈನರ್ (ಪಿಸ್ಟನ್ ಮೇಲೆ-ಕೆಳಗೆ ಆಡುವ ಕೊಳವೆ) ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಅಡ್ಡಡ್ಡ ಸಣ್ಣ ಗೀರುಗಳನ್ನು ಬೇಕೆಂದೇ ಹಾಕಿರುತ್ತಾರೆ. ಪಿಸ್ಟನ್ ರಿಂಗುಗಳು ಆ ಗೀರುಗಳ ಮೇಲೆ ಉಜ್ಜಿ ಉಜ್ಜಿ ಗೋಡೆಗೆ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತುವುದು ಉರಿದ ಡೀಸೆಲ್‌ನ ಒತ್ತಡ. ಇಂಜಿನ್ ಮೇಲೆ ಸ್ವಲ್ಪವಾದರೂ ಭಾರ ಬಿದ್ದಾಗಲೇ ಆ ಒತ್ತಡ ಸಾಕಷ್ಟು ಹುಟ್ಟುತ್ತದೆ.

ಬಹಳ ಜನ ಎಡವುವುದು ಇಲ್ಲೇ. ಹೊಸ ಗಾಡಿ ಎಂದು ಖಾಲಿ ಓಡಾಡಿಸಿದರೆ, ಇಂಜಿನ್ ಚಾಲೂ ಇಟ್ಟು ಗಂಟೆಗಟ್ಟಲೆ ಸ್ಲೋನಲ್ಲಿ ನಿಲ್ಲಿಸಿದರೆ ರಿಂಗ್ ಕೂರುವುದೇ ಇಲ್ಲ. ಲೈನರ್ ಮೇಲೆ ಆಯಿಲ್ ಸುಟ್ಟ ಗಾಜಿನಂಥ ಪದರ ಕಟ್ಟುತ್ತದೆ. ಆಮೇಲೆ ನೀಲಿ ಹೊಗೆ, ತಿಂಗಳಿಗೊಮ್ಮೆ ಆಯಿಲ್ ಟಾಪ್-ಅಪ್. ಮೊದಲ ದಿನವೇ ಪೂರ್ತಿ ಲೋಡ್ ಹಾಕಿದರೆ ಬೇರೆ ತಕರಾರು: ಶಾಖ ಏರಿ ರಿಂಗೂ ಲೈನರೂ ಕೆರೆದುಕೊಳ್ಳುತ್ತವೆ. ನನ್ನನ್ನು ಕೇಳಿದರೆ, ಅತಿಯಾದ ಮುದ್ದೂ ಅತಿಯಾದ ಭಾರದಷ್ಟೇ ಕೆಟ್ಟದ್ದು. ಆದರೆ ಮುದ್ದಿನ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ.

ಹಿಂದಿನ ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್ (ಇಂಜಿನ್ನಿನ ತಿರುವನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಗೇರ್ ಜೋಡಿ) ಕಥೆಯೂ ಇಂಥದ್ದೇ. ಹಲ್ಲಿಗೆ ಹಲ್ಲು ಹೊಂದಿಕೊಳ್ಳುವಾಗ ಶಾಖ ಜಾಸ್ತಿ. ಒಮ್ಮೆ ಬಿಸಿಯಾಗಿ, ಪೂರ್ತಿ ತಣ್ಣಗಾಗಿ, ಮತ್ತೆ ಬಿಸಿಯಾಗಿ ಹೀಗೆ ಅವು ಹದಕ್ಕೆ ಬರುತ್ತವೆ. ಅಷ್ಟರಲ್ಲೇ ಜಗ್ಗಿಸಿದರೆ ಹಲ್ಲುಗಳ ನಡುವಿನ ಆಯಿಲ್ ಪದರ ತುಂಡಾಗುತ್ತದೆ, ಹಲ್ಲಿನ ಮೈ ಕೆರೆದು ಹಾಳಾಗುತ್ತದೆ.

ಮನೆಗೆ ಬಂದ ದಿನ

ಷೋರೂಮಿನವರು ನೋಡಿದ್ದಾರೆ ಎಂದು ಸುಮ್ನೆ ಬಿಡಬೇಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆಯಿಲ್, ಗೇರ್ ಆಯಿಲ್, ಕೂಲಂಟ್ ಮಟ್ಟ ನೋಡಿ. ಚಕ್ರದ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ನೀವೇ ಬಿಗಿ ನೋಡಿ. ಹೊಸ ಚಕ್ರದ ನಟ್ಟು ಮೊದಲ ಕೆಲವು ಗಂಟೆಗಳಲ್ಲೇ ಸಡಿಲಾಗುವುದುಂಟು, ಆದ್ದರಿಂದ ಮೊದಲ ದಿನದ ಕೆಲಸ ಮುಗಿದ ಮೇಲೆ ಮತ್ತೊಮ್ಮೆ. ಗಾಡಿ ಜತೆ ಬಂದ ಪುಸ್ತಕವನ್ನು ಟೂಲ್ ಬಾಕ್ಸಿನಲ್ಲಿ ಹುಗಿದಿಡದೆ ಸರ್ವಿಸ್ ಪುಟವನ್ನಾದರೂ ಓದಿ. ನಾನು ಇಲ್ಲಿ ಹೇಳುವ ಗಂಟೆಗಳಿಗೂ ಅದರಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಪುಸ್ತಕದ ಮಾತೇ ಕೊನೆ.

ಮೊದಲ 50 ಗಂಟೆ

ಮೊದಲ ಹತ್ತು ಗಂಟೆ ಕುಂಟೆ ಹೊಡೆಯುವುದು, ಒಮ್ಮೆ ಹರಗಿದ ಹೊಲದಲ್ಲಿ ಕಲ್ಟಿವೇಟರ್ ಮೇಲೆ ಮೇಲೆ ಎಳೆಯುವುದು, ಅರ್ಧ ಲೋಡಿನ ಒಂದು ಟ್ರೇಲರ್ ಇಷ್ಟು ಸಾಕು. ಆಕ್ಸಿಲರೇಟರ್ ಮುಕ್ಕಾಲಿನ ಒಳಗಿರಲಿ. ಒಂದೇ ಸ್ಪೀಡಿನಲ್ಲಿ ತಾಸುಗಟ್ಟಲೆ ಓಡಿಸಬೇಡಿ. ಗೇರ್ ಬದಲಿಸುತ್ತಾ, ಆಕ್ಸಿಲರೇಟರ್ ಏರಿಸಿ ಇಳಿಸುತ್ತಾ ಇರಿ. ದೊಡ್ಡ ಗೇರಿನಲ್ಲಿ ಇಂಜಿನ್ ಗುದ್ದಾಡಿಸುವುದಂತೂ ಬೇಡವೇ ಬೇಡ. ಹೊಗೆ ಕಪ್ಪಾಗಿ, ಸದ್ದು ಭಾರವಾದರೆ ಒಂದು ಗೇರ್ ಕೆಳಗಿಳಿಸಿ.

ಹತ್ತರಿಂದ ಮೂವತ್ತು ಗಂಟೆವರೆಗೆ ಕಲ್ಟಿವೇಟರ್ ಸ್ವಲ್ಪ ಆಳಕ್ಕೆ ಇಳಿಸಬಹುದು. ಮೂವತ್ತು ದಾಟಿದ ಮೇಲೆ ಒಂದು ಟ್ರೇಲರಿಗೆ ಪೂರ್ತಿ ಲೋಡ್ ಹಾಕಿ ಹತ್ತಿರದ ಊರಿಗೆ ಹೋಗಿ ಬನ್ನಿ. ಒಣಗಿ ಬಿರುಕು ಬಿಟ್ಟ ಎರೆ ಹೊಲದಲ್ಲಿ ನೇಗಿಲು ಹಾಕುವ ಕೆಲಸವನ್ನು ಮಾತ್ರ ಸರ್ವಿಸ್ ಆಗುವವರೆಗೆ ಅಣ್ಣನದೋ ನೆರೆಯವರದೋ ಹಳೇ ಗಾಡಿಗೆ ಬಿಡಿ.

ಕ್ಲಚ್ ಪೆಡಲ್ ಮೇಲೆ ಕಾಲಿಟ್ಟುಕೊಂಡು ಓಡಿಸುವ ಚಟ ಇದ್ದರೆ ಈಗಲೇ ಬಿಡಿಸಿ. ಹೊಸ ಕ್ಲಚ್ ಪ್ಲೇಟ್ ಇನ್ನೂ ಪೂರ್ತಿ ಕೂತಿರುವುದಿಲ್ಲ, ಹಾಫ್ ಕ್ಲಚ್‌ನಲ್ಲಿ ಬೇಗ ಸುಡುತ್ತದೆ. ಬ್ರೇಕಿಗೂ ಇದೇ ಮಾತು: ಮೊದಮೊದಲು ಗಕ್ಕನೆ ಒತ್ತದೆ ಹಗುರವಾಗಿ ಹಿಡಿಯಿರಿ.

ಇನ್ನು ಡೆಕ್. ನಮ್ಮ ಕಡೆ ಕಬ್ಬಿನ ಗಾಡಿ ಎಂದರೆ ಆಳೆತ್ತರದ ಸ್ಪೀಕರ್ ಬಾಕ್ಸ್, ಎರಡು ಕಿಲೋಮೀಟರ್ ದೂರದಿಂದಲೇ ಹಾಡು. ನನಗೂ ಅದು ಇಷ್ಟವೇ. ಆದರೆ ಮೊದಲ ಸರ್ವಿಸ್ ಆಗುವವರೆಗೆ ಅದನ್ನು ಕೂರಿಸಬೇಡಿ. ಹಿಂದಿನ ಹೌಸಿಂಗಿನಿಂದ ಬರುವ ಸಣ್ಣ ಊಳಿಡುವ ಸದ್ದು, ಗೇರ್ ಬೀಳುವಾಗಿನ ಕರಕರ ಇವೆಲ್ಲ ಹಾಡಿನಲ್ಲಿ ಮುಳುಗಿಹೋಗುತ್ತವೆ. ವಾರಂಟಿಯಲ್ಲಿ ಕೇಳಬೇಕಾದ್ದನ್ನು ಕೇಳಲು ಮೊದಲು ನಿಮ್ಮ ಕಿವಿಗೆ ಬೀಳಬೇಕು.

ಲೋಡ್ ಹಾಕಿ ಒಂದು ತಾಸು ಓಡಿಸಿದ ಮೇಲೆ ನಿಲ್ಲಿಸಿ, ಹಿಂದಿನ ಎರಡೂ ಆಕ್ಸಲ್ ಹೌಸಿಂಗ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ತಣ್ಣಗಾಗಲು ಬಿಡಿ, ಲೋಡ್ ಕಡಿಮೆ ಮಾಡಿ. ಒಂದು ಬದಿ ತಣ್ಣಗಿದ್ದು ಇನ್ನೊಂದು ಬದಿ ಸುಡುತ್ತಿದ್ದರೆ ಆ ಬದಿಯ ಬ್ರೇಕ್ ಹಿಡಿದುಕೊಂಡಿರಬಹುದು, ಬೇರಿಂಗ್ ಬಿಗಿ ಇರಬಹುದು. ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿ.

ಮೊದಲ ಸರ್ವಿಸ್

ಬಹಳಷ್ಟು ಟ್ರ್ಯಾಕ್ಟರುಗಳಿಗೆ ಇದು 50 ಗಂಟೆಗೆ ಬರುತ್ತದೆ. ‘ಆಯಿಲ್ ಇನ್ನೂ ಚೆನ್ನಾಗೇ ಇದೆಯಲ್ಲ, ಯಾಕೆ ಚೆಲ್ಲಬೇಕು’ ಎನ್ನುವವರು ಆಯಿಲ್ ಇಳಿಸುವಾಗ ಪಕ್ಕದಲ್ಲಿ ನಿಂತು ನೋಡಲಿ. ಡ್ರೈನ್ ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ದರೆ ಅದರ ತುದಿಗೆ ಕಾಡಿಗೆಯಂಥ ಬೂದು-ಕಪ್ಪು ಲೇಪ ಅಂಟಿರುತ್ತದೆ. ಬೆರಳಲ್ಲಿ ತಿಕ್ಕಿದಾಗ ನುಣ್ಣಗಿದ್ದರೆ ಹೆದರಬೇಕಿಲ್ಲ, ಅದು ಭಾಗಗಳು ಉಜ್ಜಿ ಕೂತ ಪುಡಿ. ಕಣ್ಣಿಗೆ ಕಾಣುವ ಚೂರು, ಉಗುರಿಗೆ ಸಿಗುವ ಚಕ್ಕೆ ಇದ್ದರೆ ಮಾತ್ರ ಅದನ್ನು ಕಾಗದದಲ್ಲಿ ಕಟ್ಟಿಟ್ಟು, ಫೋಟೊ ತೆಗೆದು, ಸರ್ವಿಸಿನವರ ಜಾಬ್ ಕಾರ್ಡಿನಲ್ಲಿ ಬರೆಸಿ.

ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಾಗಬೇಕು. ಟ್ಯಾಪೆಟ್ (ವಾಲ್ವ್ ಸಂದು), ಫ್ಯಾನ್ ಬೆಲ್ಟ್, ಕ್ಲಚ್ ಮತ್ತು ಬ್ರೇಕ್ ಪೆಡಲ್ ಆಟ ನೋಡಿಸಿ. ಗೇರ್ ಆಯಿಲ್ ಬದಲಿಸಬೇಕೋ, ಹೈಡ್ರಾಲಿಕ್ ಸ್ಟ್ರೈನರ್ (ಎಣ್ಣೆ ಸೋಸುವ ಜಾಲರಿ) ತೊಳೆದರೆ ಸಾಕೋ ಎನ್ನುವುದು ಮಾಡೆಲ್ ಮೇಲೆ ಹೋಗುತ್ತದೆ.

ಈಗ ಕಬ್ಬಿಗೆ

ಮೊದಲ ಕೆಲವು ಖೇಪಿಗೆ ಒಂದೇ ಟ್ರೇಲರ್. ಆಮೇಲೆ ಎರಡನೆಯದು. ಅದೂ ಹೊಲದಲ್ಲೇ ಎರಡನ್ನೂ ಕಟ್ಟಬೇಡಿ. ಹಸಿ ಎರೆಯಲ್ಲಿ ಹೂತ ಎರಡು ಲೋಡನ್ನು ಒಟ್ಟಿಗೆ ಜಗ್ಗುವಾಗ ಕ್ಲಚ್, ಕ್ರೌನ್-ಪಿನಿಯನ್, ಆಕ್ಸಲ್ ಮೂರರ ಮೇಲೂ ರಸ್ತೆಯಲ್ಲಿ ಎಂದೂ ಬೀಳದಷ್ಟು ಹೊಡೆತ ಬೀಳುತ್ತದೆ. ಒಂದೊಂದನ್ನೇ ಹೊರಗೆ ತಂದು ಗಟ್ಟಿ ರಸ್ತೆಯ ಮೇಲೆ ಜೋಡಿಸಿ. ಚಕ್ರ ಜಾರಿದರೆ ಡಿಫರೆನ್ಶಿಯಲ್ ಲಾಕ್ (ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಲಾಕ್) ಹಾಕಬಹುದು, ಆದರೆ ಚಕ್ರ ಗರಗರ ತಿರುಗುತ್ತಿರುವಾಗ ಅಲ್ಲ. ನಿಲ್ಲಿಸಿ ಹಾಕಿ, ನೇರಕ್ಕೆ ಹೊರಟು, ತಿರುವಿಗೆ ಮುಂಚೆ ಬಿಡಿಸಿ.

ಲೋಡ್ ಎಳೆಯುವಾಗ ಮುಂದಿನ ಚಕ್ರ ಎದ್ದರೆ ಹುಡುಗರು ಸಿಳ್ಳೆ ಹಾಕುತ್ತಾರೆ, ವಿಡಿಯೊ ಮಾಡುತ್ತಾರೆ. ಸ್ಟೇರಿಂಗ್ ಕೈಗೆ ಸಿಗದ ಗಾಡಿ ಅದು, ಪಲ್ಟಿಯಾದರೆ ಡ್ರೈವರ್ ಕೆಳಗೆ. ಮುಂದೆ ತೂಕದ ಪ್ಲೇಟ್ ಹಾಕಿಸಿ, ಹಿಂದೆ ಲೋಡ್ ಇಳಿಸಿ. ರಸ್ತೆಯಲ್ಲಿ ಎಡ-ಬಲ ಚಕ್ರಗಳ ಎರಡೂ ಬ್ರೇಕ್ ಪೆಡಲ್ ಒಂದಕ್ಕೊಂದು ಜೋಡಿಸಿರಲಿ. ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಬೇಡಿ.

ಕಾರ್ಖಾನೆ ಯಾರ್ಡಿನಲ್ಲಿ ಪಾಳಿ ಉದ್ದವಿದ್ದರೆ ಇಂಜಿನ್ ಬಂದ್ ಮಾಡಿ. ಟರ್ಬೊ ಇರುವ ಗಾಡಿಯನ್ನು ಭಾರ ಎಳೆದು ನಿಲ್ಲಿಸಿದ ಕೂಡಲೇ ಬಂದ್ ಮಾಡದೆ ಒಂದೆರಡು ನಿಮಿಷ ಸ್ಲೋನಲ್ಲಿ ಬಿಟ್ಟು ಬಂದ್ ಮಾಡಿ. ಕಬ್ಬಿನ ದಾರಿಯ ಧೂಳಿಗೆ ಏರ್ ಕ್ಲೀನರ್ ಬೇಗ ಕಟ್ಟುತ್ತದೆ. ಆಯಿಲ್ ಬಾತ್ (ಎಣ್ಣೆಯಲ್ಲಿ ಧೂಳು ಹಿಡಿಯುವ ಬಗೆಯದು) ಇದ್ದರೆ ಬಟ್ಟಲಿನ ಎಣ್ಣೆ ಕೆಸರಾಗುವ ಮುಂಚೆ ಬದಲಿಸಿ.

ಮುಂದಿನ ಸರ್ವಿಸ್ 250 ಗಂಟೆಗೆ ಇದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಗಂಟೆ ಓಡಿದರೆ ಮೊದಲ ಸರ್ವಿಸಿನಿಂದ ಇಪ್ಪತ್ತೇ ದಿನಕ್ಕೆ ಅದು ಬಂದು ನಿಲ್ಲುತ್ತದೆ, ಅದೂ ಸೀಸನ್ನಿನ ನಟ್ಟನಡುವೆ. ಆಗ ಮೆಕ್ಯಾನಿಕ್ ಸಿಗುವುದಿಲ್ಲ, ಕಬ್ಬು ಕಡಿಯುವ ಟೋಳಿಯೂ ನಿಮಗಾಗಿ ಕಾಯುವುದಿಲ್ಲ. ಆಯಿಲ್, ಫಿಲ್ಟರ್ ಮೊದಲೇ ತಂದಿಟ್ಟುಕೊಂಡು, ಯಾವ ದಿನ ಬರುತ್ತೀರಿ ಎಂದು ಮೆಕ್ಯಾನಿಕ್‌ಗೆ ಈಗಲೇ ಫೋನ್ ಮಾಡಿ ಕೇಳಿಕೊಳ್ಳಿ.