ಹಿತ್ತಲ ಸುವರ್ಣಗಡ್ಡೆ: ನೆಡೋದ್ರಿಂದ ಕಾವಲಿವರೆಗೆ ನನ್ನ ಅನುಭವ

ಶಿರಸಿ ಕಡೆ ಇಷ್ಟಗಲ ಹಿತ್ತಲು ಇಟ್ಕೊಂಡು ಸುವರ್ಣಗಡ್ಡೆ ಪೇಟೆಯಿಂದ ತರೋರನ್ನ ನೋಡಿದ್ರೆ ನಂಗೆ ಬೇಜಾರಾಗ್ತದೆ, ಯಾಕಂದ್ರೆ ಇಷ್ಟು ಕಡಿಮೆ ಆರೈಕೆ ಕೇಳೋ ಬೆಳೆ ಅಪರೂಪ.

ನಾವು ಶಿವರಾತ್ರಿ ಕಳೆದ ಮೇಲೆ ನೆಡೋಕೆ ಬೀಜದ ಗಡ್ಡೆ ಹೋಳು ಮಾಡ್ತೇವೆ. ಗಡ್ಡೆ ನೆತ್ತಿ ಮೇಲೆ ನಟ್ಟನಡುವೆ ಮೊಳಕೆ ಕಣ್ಣು ಇರ್ತದಲ್ಲ, ಅದರ ಚೂರು ಪ್ರತಿ ಹೋಳಿಗೂ ಬರೋ ಹಾಗೆ ಮೇಲಿಂದ ಕೆಳಕ್ಕೇ ಕತ್ತಿ ಹಾಕ್ಬೇಕು, ಹೋಳು ಅರ್ಧ ಕೇಜಿ ಆಸುಪಾಸು ಇದ್ರೆ ಒಳ್ಳೇದು. ಸಗಣಿ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಒಂದೂವರೆ ಅಡಿ ಆಳದ ಗುಂಡಿಗೆ ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟು, ಮೇಲಿಂದ ಬೆಟ್ಟದ ದರಕು, ಅಂದ್ರೆ ಉದುರಿದ ಒಣ ಎಲೆ, ದಪ್ಪಗೆ ಮುಚ್ಚೋದು. ಗುಂಡಿಯಿಂದ ಗುಂಡಿಗೆ ಮೂರಡಿ.

ನಮ್ಮ ಮಳೆಗಾಲದಲ್ಲಿ ನೋಡ್ಕೊಬೇಕಾದ್ದು ನೀರೊಂದೇ. ಬುಡದಲ್ಲಿ ನೀರು ನಿಂತ್ರೆ ದಂಟು ಕೊಳೆತು ಮಲಗ್ತದೆ, ಹಾಗಾಗಿ ಮಳೆ ಹಿಡಿಯೋ ಮೊದ್ಲೇ ಮಣ್ಣು ಏರಿಸಿ ಪಕ್ಕದಲ್ಲಿ ಕಾಲುವೆ ತೆಗೆದುಬಿಡಿ.

ಇನ್ನು ಚೌತಿ ಹೊತ್ತಿಗೇ ಕೀಳೋ ಆಸೆ ಎಲ್ಲರಿಗೂ ಬರ್ತದೆ. ದಯವಿಟ್ಟು ತಡೀರಿ! ದಂಟು ಹಳದಿಯಾಗಿ ತಾನಾಗೇ ಬೀಳ್ಬೇಕು, ಅದಕ್ಕೆ ಎಂಟೊಂಬತ್ತು ತಿಂಗಳು ಹಿಡೀತದೆ, ಅಲ್ಲಿವರೆಗೂ ಗಡ್ಡೆ ಮಣ್ಣೊಳಗೆ ದಪ್ಪ ಆಗ್ತಾನೇ ಇರ್ತದೆ. ಕಿತ್ತ ಮೇಲೂ ಮಣ್ಣು ಕೊಡವಿ ಗಾಳಿ ಆಡೋ ಮೂಲೇಲಿ ಕೆಲವು ವಾರ ಇಟ್ಟೇ ನಾವು ಅಡುಗೆಗೆ ತಗೊಳ್ಳೋದು.

ತುರಿಕೆ ಬರೋದು ಗಡ್ಡೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳಿಂದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ, ಸೂಜಿ ಮೊನೆ ಇರೋವು. ಅಷ್ಟೂ ಬೇಡ ಅನ್ನೋರು ಗಜೇಂದ್ರ ತಳಿ ಹುಡುಕಿ, ಅದರಲ್ಲಿ ತುರಿಕೆ ತುಂಬಾ ಕಡಿಮೆ. ನಾಟಿ ಗಡ್ಡೆ ಆದ್ರೆ ಕೈಗೆ ತೆಂಗಿನೆಣ್ಣೆ ಹಚ್ಕೊಂಡು, ಗಡ್ಡೆ ಒದ್ದೆ ಮಾಡದೆ ಸಿಪ್ಪೆ ದಪ್ಪಕ್ಕೆ ತೆಗೀರಿ, ಆಮೇಲೆ ಹುಳಿ ಹಾಕೇ ಬೇಯ್ಸಿ. ನಮ್ಮನೇಲಿ ವಾಟೆಹುಳಿ (ವಾಟೆಕಾಯಿ ಒಣಗಿಸಿದ್ದು), ಇಲ್ದಿದ್ರೆ ಹುಣಸೆ.

ನಂಗಿಷ್ಟ ಕಾವಲಿ ಮೇಲಿಂದು. ಬೆರಳು ದಪ್ಪದ ಹೋಳನ್ನ ಹುಳಿನೀರಲ್ಲಿ ಮುಕ್ಕಾಲು ಬೇಯ್ಸಿ, ನೀರು ಪೂರ್ತಿ ಬಸಿದು, ಒಣಮೆಣಸು ಕೊತ್ತಂಬರಿ ಅರಿಶಿನ ಉಪ್ಪು ನುಣ್ಣಗೆ ಅರೆದು ಹಚ್ಚಿ, ಕಾರವಾರದಲ್ಲಿ ಮೀನಿಗೆ ಮಾಡೋ ಹಾಗೇ ರವೆಯಲ್ಲಿ ಹೊರಳಿಸಿ ತೆಂಗಿನೆಣ್ಣೆ ಬಿಟ್ಟು ಸಣ್ಣ ಉರೀಲಿ ಕಾಯಿಸೋದು, ಅಂಚು ಕೆಂಪಾಗೋವರೆಗೆ ಮಗುಚ್ಬೇಡಿ, ರವೆ ಕಿತ್ಕೊಂಡು ಬರ್ತದೆ. ಬಿಸಿ ಗಂಜಿ ಜೊತೆ ತಿನ್ನಿ, ಬೇರೆ ಪಲ್ಯ ಬೇಡ.